ಉಟ್ಟ ಬಟ್ಟೆ ಯಾವುದು?

ನಾನೂ ಕೂಸೂ ಹತ್ತಿದ ಬಸ್ಸು ಉರುಳಿಬಿದ್ದರೆ ನಮ್ಮ ಗುರುತು ಹೇಳುವವರು ಯಾರು? ಬಾಜು ಮನೆಯ ಹವಾಲ್ದಾರ ಜಮಾಲಸಾಬರ ಪರಿಚಯವಾದಾಗಿನಿಂದ ಈ ಚಿಂತೆ ನನ್ನನ್ನು ಬಿಟ್ಟಿಲ್ಲ. ಸವದತ್ತಿ ಸುತ್ತ ಎಲ್ಲೇ ದೊಡ್ಡ ಅಪಘಾತವಾದರೂ ಠಾಣೆಯ ಫೋನಿಗೆ ಕೂರುವವರು ಅವರೇ. "ನಮ್ಮಾಂವ ಅದರಾಗ ಅದಾನೇನ್ರಿ?" ಎಂದು ಅಳುವವರಿಗೆ ಹೌದೆನ್ನರು, ಅಲ್ಲವೆನ್ನರು. "ಯವ್ವಾ, ಮುಂಜಾನಿ ಯಾವ ಅಂಗಿ ತೊಟ್ಟಿದ್ದ? ಕಾಲಾಗ ಏನಿತ್ತು?" ಎಂದು ಕೇಳಿ ಬರೆದುಕೊಳ್ಳುತ್ತಾರೆ; ಸತ್ತವರ ಪಟ್ಟಿಗೆ ತಾಳೆಯಾದರೆ, "ಯಾರನ್ನರ ಜೋಡಿ ಕರಕೊಂಡ ಬರ್ರಿ" ಎನ್ನುತ್ತಾರೆ, ಅಷ್ಟೇ. ಮದುವೆ ಮನೆಯಲ್ಲೂ ಮೊದಲು ಚಪ್ಪಲಿ ನೋಡಿ, ಆಮೇಲೆ ಮುಖ ನೋಡಿ ಸಲಾಮು ಹೇಳುವ ಆಸಾಮಿ. "ಗಂಡಸರು ಫೋನ್ ಮಾಡಿದ್ರ, ಹೆಂಡತಿ ಸೀರಿ ಬಣ್ಣ ಒಬ್ಬಾಂವಗೂ ನೆನಪಿರೂದಿಲ್ಲ ತಂಗಿ" ಎಂದು ನಗುತ್ತಾರೆ. ಇಂದು ಮುಂಜಾನೆ ಅವರ ಹೆಂಡತಿ ಖೈರುನಬಿ ನಾಚುತ್ತ ಅವರದೊಂದು ಹಳೇ ಡೈರಿ ತೋರಿಸಿದಳು. ದಿನವೂ ಡ್ಯೂಟಿಗೆ ಹೊರಡುವ ಮುಂಚೆ ಬರೆದದ್ದು: "ಖೈರು, ಹಸಿರು ಸೀರೆ, ಎಡಗೈಯ ಬಳೆ ಒಂದು ಒಡೆದಿದೆ." ಒಡೆದ ಬಳೆಯನ್ನೂ ನೋಡಿದ್ದಾನೆ ಪುಣ್ಯಾತ್ಮ! ಕೂಸನ್ನು ಸೊಂಟಕ್ಕೇರಿಸಿಕೊಂಡು, ಬೈಲಹೊಂಗಲದ ಆಫೀಸಿನಲ್ಲಿದ್ದ ನನ್ನವರಿಗೆ ಫೋನು ಹಚ್ಚಿದೆ. "ಯಾಕ, ಏನಾತು? ಕೂಸು ಆರಾಮ ಐತಿಲ್ಲೋ?" ಎಂದರು. "ಕೂಸು ಆರಾಮ ಐತಿ. ನಾ ಇವತ್ತ ಯಾವ ಸೀರಿ ಉಟ್ಟೇನಿ, ಹೇಳ್ರಿ ನೋಡೂಣು."