ನಿಂತಾಗ ಉಪವಾಸ ಮಾಡುವ ಗಾಡಿ

ಆಗ ದಾವಣಗೆರೆಯಲ್ಲಿ ನನ್ನಷ್ಟು ಚೆನ್ನಾಗಿ ಕಾರು ಓಡಿಸುವವರು ಯಾರೂ ಇರಲಿಲ್ಲ. ಬೇಕಾದರೆ ನನ್ನನ್ನೇ ಕೇಳಿ. ಒಮ್ಮೆ ನಮ್ಮ ಸಾಹುಕಾರರನ್ನು ಹರಿಹರದ ಕಾರ್ಖಾನೆಯೊಂದಕ್ಕೆ ಕರೆದೊಯ್ದೆ. ಅವರು ಒಳಗಿದ್ದಾಗ, ಕಬ್ಬಿಣದ ರಾಶಿ ಹೊತ್ತ ಪುಟ್ಟ ಬ್ಯಾಟರಿ ಗಾಡಿಯೊಂದು ಪಕ್ಕದಲ್ಲಿ ಬಂದು ನಿಂತಿತು. ಸದ್ದಿಲ್ಲ, ಹೊಗೆಯಿಲ್ಲ, ದೇವರು ನಡೆದು ಬಂದ ಹಾಗೆ.

ನಾನು ಸೋಲುತ್ತೇನೆಯೇ? ಇಂಜಿನ್ ಶುರು ಮಾಡಿದೆ. “ಗಾಡಿ ಅಂದ್ರೆ ಹಿಂಗ ಗುಟುರು ಹಾಕಬೇಕು ನೋಡ್ರಿ.”

ಅದನ್ನು ಓಡಿಸುವ ಕರಿಬಸಪ್ಪ ಬೀಡಿ ಹಚ್ಚಿದ. “ಹಾಕಸ್ರಿ. ನಿಂತಲ್ಲೇ ಪೆಟ್ರೋಲ್ ಕುಡಿಯಾಕ ಹತ್ತೈತೆ. ನನ್ನದು ನಿಂತ್ರೆ ಉಪವಾಸ. ಓಡಿದ್ರೂ, ನಿಮ್ಮ ಒಂದಿನದ ಪೆಟ್ರೋಲ್ ರೊಕ್ಕದಾಗ ಇದಕ್ಕೆ ವಾರದ ಕರೆಂಟ್ ಬರ್ತೈತೆ.”

ಹಟಕ್ಕೆ ಬಿದ್ದು ಇನ್ನಷ್ಟು ಗುಟುರು ಹಾಕಿಸಿದೆ. ಇದ್ದಬದ್ದ ಪೆಟ್ರೋಲ್ ಮುಗಿದು ಕಾರು ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ಸಾಹುಕಾರರು ಬಂದು ಹಿಂದೆ ಕುಳಿತರು. “ಸ್ಟೇಷನ್ನಿಗೆ ನಡಿಯಪ್ಪ. ರೈಲು ತಪ್ಪಿದ್ರೆ ನಾಳೆಯಿಂದ ಕೆಲಸಕ್ಕೆ ಬರಬ್ಯಾಡ.”

ಕರಿಬಸಪ್ಪ ತನ್ನ ಗಾಡಿಯಿಂದ ಕಾರಿಗೆ ಹಗ್ಗ ಕಟ್ಟಿದ. ಆ ಪುಟ್ಟ ಗಾಡಿ ಕಾರನ್ನೂ ಸಾಹುಕಾರರನ್ನೂ ನನ್ನ ಜಂಬವನ್ನೂ ಎಳೆದುಕೊಂಡು ಹೊರಟಿತು. ಚಕ್ರದಡಿ ಜಲ್ಲಿ ಸಿಡಿಯುವ ಸದ್ದೊಂದೇ. ನಾಚಿಕೊಳ್ಳುವುದನ್ನೂ ಮರೆತು ಬಾಯಿ ತೆರೆದು ನೋಡುತ್ತಿದ್ದೆ.

ರೈಲು ಸಿಕ್ಕಿತು. ಅವತ್ತು ಒಂದು ಹನಿ ಪೆಟ್ರೋಲ್ ಸುಡದೆ ಸ್ಟೇಷನ್ ಮುಟ್ಟಿಸಿದ ನನ್ನ ಮೈಲೇಜ್ ದಾಖಲೆಯನ್ನು ಲೋಕಿಕೆರೆಯಿಂದ ಹದಡಿವರೆಗೆ ಯಾವ ಡ್ರೈವರೂ ಇನ್ನೂ ಮುರಿದಿಲ್ಲ.