ನೆಲದ ನಡುಕಕ್ಕೆ ಕಾಗದ ಕಪ್ಪು ಮಾಡುವ ಹುಲಿಗೆವ್ವ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನಿಡಗುಂದಿಯಿಂದ ಸ್ವಲ್ಪ ಆಚೆ, ಕಲ್ಲುಗಣಿಯ ದಾರಿಯ ಪಕ್ಕದ ಒಂಟಿ ಕೋಣೆಯಲ್ಲಿ ಹುಲಿಗೆವ್ವ ಚಿಮಣಿಯ ಬತ್ತಿ ಏರಿಸಿ, ಅದರ ಹೊಗೆಯ ಮೇಲೆ ಉರುಳೆಯೊಂದನ್ನು ತಿರುಗಿಸುತ್ತಿದ್ದಾರೆ. ಉರುಳೆಗೆ ಸುತ್ತಿದ ಬಿಳಿ ಕಾಗದ ಮೆಲ್ಲಗೆ ಕಪ್ಪಾಗುತ್ತದೆ. ಎಲ್ಲಿಯೂ ಮಸಿ ದಪ್ಪವಾಗಬಾರದು, ಎಲ್ಲಿಯೂ ಬಿಳುಪು ಉಳಿಯಬಾರದು. ಕೆಮ್ಮು ಬಂದರೆ ಅವರು ಮುಖವನ್ನು ಆಚೆ ತಿರುಗಿಸುತ್ತಾರೆ. ಉಸಿರು ತಾಗಿದರೂ ಕಾಗದ ಕೆಡುತ್ತದೆ.

"ರೊಟ್ಟಿ ಬೇಸಿದಂಗ ಅಕ್ಕಾರ. ಕೈ ನಿಂತ್ರ ಹೊತ್ತತೈತಿ" ಎಂದು ನನಗೆ ಹೇಳುತ್ತಾರೆ.

ಕಪ್ಪಾದ ಕಾಗದವನ್ನು ಭೂಕಂಪ ದಾಖಲಿಸುವ ಯಂತ್ರಕ್ಕೆ ಏರಿಸಿ ಅದರ ಮೇಲೆ ಸೂಜಿ ಇಳಿಸುತ್ತಾರೆ. ಉರುಳೆ ಹಗಲೂ ರಾತ್ರಿ ತಿರುಗುತ್ತದೆ. ಸೂಜಿ ಮಸಿಯಲ್ಲಿ ಸಣ್ಣ ಬಿಳಿ ಗೆರೆ ಎಳೆಯುತ್ತದೆ. ನೆಲ ನಡುಗಿದರೆ ಗೆರೆಯೂ ನಡುಗುತ್ತದೆ. ಹಿಂದಿನ ದಿನದ ಕಾಗದವನ್ನು ಮಸಿ ಉದುರದಂತೆ ಅರಗು ಕರಗಿಸಿದ ಸ್ಪಿರಿಟಿನಲ್ಲಿ ಅದ್ದಿ, ಹಗ್ಗಕ್ಕೆ ಒಣಹಾಕುತ್ತಾರೆ. ಒಣಗಿದವು ಬಸ್ಸಿನಲ್ಲಿ ಬಿಜಾಪುರಕ್ಕೆ, ಕಾಲೇಜಿನ ಉಪನ್ಯಾಸಕ ಗುರಲಿಂಗಪ್ಪನವರ ಹತ್ತಿರ ಹೋಗುತ್ತವೆ.

ಹುಲಿಗೆವ್ವನವರ ನೌಕರಿ ಕಸ ಗುಡಿಸುವುದು. ಕಾಗದ ಕಪ್ಪು ಮಾಡಬೇಕಾದ ನೌಕರ ಹೊಗೆ ತಾಳದೆ ವರ್ಗ ಮಾಡಿಸಿಕೊಂಡು ಹೋದ. ಅಂದಿನಿಂದ ಆ ಕೆಲಸವೂ ಇವರದೇ.

ಕೊಯ್ನಾ ಅಣೆಕಟ್ಟಿನ ಹತ್ತಿರ ಭೂಕಂಪವಾದ ಮೇಲೆ ಇಲ್ಲಿಗೆ ಬಂದ ಯಂತ್ರ ಇದು. ಹುಲಿಗೆವ್ವ ಬಂದದ್ದೂ ಹಾಗೆಯೇ. ಗಂಡ ಹಣಮಂತ್ರಾಯ ಮತ್ತು ಅವರು ಅಲ್ಲಿ ಕಲ್ಲು ಒಡೆಯಲು ಹೋಗಿದ್ದರು. ಅರವತ್ತೇಳರ ಡಿಸೆಂಬರ್, ಬೆಳಗಿನ ಜಾವ. ಮಗಳು ರಾಮವ್ವ ಆಗಿನ್ನೂ ಸಣ್ಣವಳು.

"ಬಯಲಕಡಿ ಹೋಗಬೇಕಂತ ಹುಡುಗಿ ಎಬ್ಬಿಸಿದ್ಲರಿ. ಹೋಗಿ ಬರೂದ್ರಾಗ ಮನಿ ಇರಲಿಲ್ಲ."

ಒಳಗೆ ಮಲಗಿದ್ದ ಹಣಮಂತ್ರಾಯ ಕುಸಿದ ಸೂರಿನಡಿ ತೀರಿಕೊಂಡಿದ್ದರು.

ರಾಮವ್ವ ಆಮೇಲೆ ಯಾವ ಸೂರಿನ ಕೆಳಗೂ ಸರಿಯಾಗಿ ನಿದ್ದೆ ಮಾಡಿಲ್ಲ. ಹತ್ತಿರದ ಮಸೂತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟರು. ಅಲ್ಲಿಯೂ ರಾತ್ರಿ ಎದ್ದು ಕೂಡುತ್ತಿದ್ದಳು.

ಇತ್ತ ಗುರಲಿಂಗಪ್ಪನವರು ಒಂದು ಪ್ರಶ್ನೆ ಹಿಡಿದಿದ್ದರು. ಚಂದ್ರ ಮತ್ತು ಸೂರ್ಯ ಸಮುದ್ರದ ನೀರನ್ನು ಎಳೆಯುತ್ತವೆ. ಹಾಗಾದರೆ ನೆಲದೊಳಗಿನ ಬಂಡೆಯನ್ನೂ ಎಳೆಯಬಹುದಲ್ಲ? ಕಂಪನಗಳಿಗೆ ತಿಥಿ ಇರಬಹುದಲ್ಲ? ಅವರು ಕಾಗದಗಳನ್ನು ಒಂದೊಂದಾಗಿ ನೋಡಿ ಲೆಕ್ಕ ಹಾಕಿದರು. ಸಣ್ಣ ಕಂಪನಗಳು ಅಮಾವಾಸ್ಯೆಯ ದಿನ ಹೆಚ್ಚಾಗಿ ಕಂಡವು.

ತಾಯಿ ಅದನ್ನು ಮಗಳಿಗೆ ಹೇಳಿದರು. ಕೊಯ್ನಾ ನಡುಗಿದ ದಿನ ಅಮಾವಾಸ್ಯೆ ಇರಲಿಲ್ಲ. ಅದು ಇಬ್ಬರಿಗೂ ಗೊತ್ತು. ಆದರೂ ನಂಬಿದರು. ರಾಮವ್ವ ಅಮಾವಾಸ್ಯೆಯ ರಾತ್ರಿ ಕೂಸನ್ನೆತ್ತಿಕೊಂಡು ಅಂಗಳದಲ್ಲಿ ಮಲಗುತ್ತಿದ್ದಳು. ಉಳಿದ ರಾತ್ರಿ ಒಳಗೆ ನಿದ್ದೆ ಮಾಡತೊಡಗಿದಳು.

"ತಿಂಗಳಿಗೊಂದ ದಿನ ಅಂಜತಿದ್ಲು. ಆಕಿ ಮಾರಿ ಮ್ಯಾಲ ಕಳಿ ಬಂದಿತ್ರಿ."

ಈ ವರ್ಷ ಚಳಿಗಾಲದಲ್ಲಿ ಗುರಲಿಂಗಪ್ಪನವರು ಮತ್ತೆ ಬಂದರು. ಅವರ ಲೆಕ್ಕ ಅವರಿಗೇ ಸರಿ ಅನ್ನಿಸಿರಲಿಲ್ಲ. ಆ ದಿನದ ಮಾತನ್ನು ಇಬ್ಬರೂ ನನಗೆ ಹೇಳಿದರು.

"ಅಮಾವಾಸ್ಯೆಗೆ ಎಳೆಯೂವಷ್ಟ ಹುಣ್ಣಿಮೆಗೂ ಎಳಿಬೇಕು. ಹುಣ್ಣಿಮೆಗೆ ಏನೂ ಕಾಣವಲ್ದು. ಅದು ಬಿಡು ಹುಲಿಗೆವ್ವ, ಸೋಮವಾರ ಯಾಕ ಹೆಚ್ಚು? ಭೂಮಿಗೆ ಸೋಮವಾರ ಹೆಂಗ ಗೊತ್ತಾಕ್ಕೈತಿ?"

ಹುಲಿಗೆವ್ವ ನಕ್ಕರಂತೆ. "ಸೋಮಾರ ಬಸವಣ್ಣನ ವಾರ ಅಲ್ರಿ ಸರ, ಎತ್ತ ಹೂಡಂಗಿಲ್ಲ. ನೀವು ಬಸ್ಸಿನ್ಯಾಗ ಅಡ್ಡಾಡಾವ್ರು, ನಿಮಗ ಎತ್ತಿನ ಸೂಟಿ ಹ್ಯಾಂಗ ನೆನಪಿರಬೇಕು?"

"ಮತ್ತ ಅಮಾವಾಸ್ಯೆಗೆ?"

ನಗು ಅಲ್ಲಿಗೇ ನಿಂತಿತು. ಅಮಾವಾಸ್ಯೆಗೂ ಈ ಸೀಮೆಯಲ್ಲಿ ಯಾರೂ ಎತ್ತು ಹೂಡುವುದಿಲ್ಲ.

ಉಳಿದ ದಿನ ಕಲ್ಲು ಹೇರಿದ ಬಂಡಿಗಳು ಕೋಣೆಯ ಪಕ್ಕದಲ್ಲೇ ಹಾಯುತ್ತವೆ. ಗಣಿಯಲ್ಲಿ ಮದ್ದು ಸಿಡಿಯುತ್ತದೆ. ಸೂಜಿ ದಿನವಿಡೀ ಕುಣಿಯುತ್ತದೆ, ಭೂಮಿಯ ಸಣ್ಣ ನಡುಕ ಅದರಲ್ಲಿ ಮುಚ್ಚಿಹೋಗುತ್ತದೆ. ಎತ್ತು ಹೂಡದ ದಿನ ಗಣಿಯೂ ಸುಮ್ಮನಿರುತ್ತದೆ. ಆಗ ಗೆರೆ ತಿಳಿಯಾಗಿ, ಸಣ್ಣದೂ ಕಾಣುತ್ತದೆ. ನಡುಕ ಎಲ್ಲ ದಿನವೂ ಇತ್ತು, ಕಾಣುತ್ತಿದ್ದದ್ದು ಮಾತ್ರ ಆ ದಿನಗಳಲ್ಲಿ.

ಚಂದ್ರನ ಪ್ರಶ್ನೆ ಇನ್ನೂ ಮುಗಿದಿಲ್ಲ ಎನ್ನುತ್ತಾರೆ ಗುರಲಿಂಗಪ್ಪನವರು. ಗದ್ದಲವಿಲ್ಲದ ಜಾಗದಲ್ಲಿ ಯಂತ್ರ ಇಟ್ಟು ಮೊದಲಿನಿಂದ ನೋಡಬೇಕಂತೆ. ಅದಕ್ಕೆ ವರ್ಷಗಳು ಬೇಕು.

ಹುಲಿಗೆವ್ವನವರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮಗಳಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಕುದಿದರು. ಹೇಳದಿದ್ದರೆ ಮಗಳು ನಿದ್ದೆ ಮಾಡುತ್ತಾಳೆ.

"ಇಲ್ಲದ್ದನ್ನ ನಂಬಿಸಿ ಕೂಸನ್ನ ಒಳಗ ಮಲಗಸೂದು ಹ್ಯಾಂಗ್ರಿ? ಹೋಗಿ ಹೇಳಿದ್ನಿ. ಅಳಲಿಲ್ಲ ಆಕಿ. 'ಹಂಗಾದ್ರ ಯಾವತ್ತ ಹೊರಗ ಮಲಗಲಿ ಯವ್ವಾ?' ಅಂದ್ಲು."

ಅಂದಿನಿಂದ ರಾಮವ್ವ ದಿನಾ ಅಂಗಳದಲ್ಲೇ ಮಲಗುತ್ತಾಳೆ. ಚಳಿಗೆ ಕೂಸಿಗೆ ಕೆಮ್ಮು ಹತ್ತಿ, ಈಗಷ್ಟೇ ಇಳಿದಿದೆ. "ಅತ್ತೀ, ನಿಮ್ಮ ಸೂಜಿ ನನ್ನ ಸಂಸಾರಾನ ಗೀರಿಬಿಡ್ತು" ಎಂದು ಅಳಿಯ ಪರಸಪ್ಪ ಚುಚ್ಚುತ್ತಾನೆ. ಇನ್ನು ಮಳೆಗಾಲ ಬರುತ್ತದೆ. ಆಗ ಅಂಗಳವೂ ಇಲ್ಲ.

ಮಸೂತಿಯ ಆ ಮನೆಯದು ಮಣ್ಣಿನ ಮಾಳಿಗೆ. ಮಳೆಗಿಂತ ಮೊದಲು, ಸೋರದಿರಲೆಂದು, ಎಲ್ಲರೂ ಮಾಳಿಗೆಯ ಮೇಲೆ ಹೊಸ ಮಣ್ಣು ಹರಡುತ್ತಾರೆ. ಹಳೆಯದನ್ನು ಯಾರೂ ತೆಗೆಯುವುದಿಲ್ಲ. ತಲೆಮಾರುಗಳ ಮಣ್ಣು ಜಂತಿಗಳ ಮೇಲೆ ಕೂತಿದೆ. ನೆಲ ನಡುಗಿದರೆ ಅಷ್ಟೂ ಭಾರ ಒಳಗೆ ಮಲಗಿದವರ ಮೇಲೆ.

ಹುಲಿಗೆವ್ವ ಈಗ ಬೆಳಗಿನ ಕಾಗದ ಏರಿಸಿ, ಸಿಕ್ಕ ಬಸ್ಸು ಹತ್ತಿ ಮಸೂತಿಗೆ ಹೋಗುತ್ತಾರೆ. ಗುದ್ದಲಿ ಹಿಡಿದು ಮಾಳಿಗೆ ಹತ್ತಿ, ಹಳೆಯ ಮಣ್ಣು ಅಗೆದು, ಬುಟ್ಟಿ ಬುಟ್ಟಿಯಾಗಿ ಕೆಳಗೆ ಇಳಿಸುತ್ತಾರೆ. ಜಂತಿ ಕಂಡ ಮೇಲೆ ತೆಳ್ಳಗೆ ಒಂದೇ ಪದರ ಹೊಸ ಮಣ್ಣು.

ನಾನು ಹೋದ ದಿನ ಪಕ್ಕದ ಮನೆಯ ಶಂಕ್ರೆವ್ವ ತನ್ನ ಮಾಳಿಗೆಯ ಮೇಲೆ ನಿಂತು ಕೂಗುತ್ತಿದ್ದಳು: "ಊರೆಲ್ಲಾ ಮ್ಯಾಲ ಹೊತ್ರ ಈಕಿ ಕೆಳಗ ಹೊರತಾಳ! ಹುಲಿಗೆವ್ವಾ, ನಿನ್ನ ಅಳಿಯಾ ಮಳ್ಯಾಗ ಕೊಡಿ ಹಿಡಕೊಂಡ ಉಣ್ಣಬೇಕನ?"

"ಉಣ್ಣಲಿ ತಗೋ. ಉಣ್ಣಾಕ ಇರ್ತಾನಲ್ಲ" ಎಂದರು ಹುಲಿಗೆವ್ವ, ತಲೆ ಎತ್ತದೆ.

ಮೊದಲು ಬೇಡವೆಂದು ಹಟ ಹಿಡಿದಿದ್ದ ಪರಸಪ್ಪ ಕೆಳಗೆ ನಿಂತು ಬುಟ್ಟಿ ಇಸಿದುಕೊಳ್ಳುತ್ತಿದ್ದ. ಒಂದು ಕೋಣೆಯ ಮಾಳಿಗೆ ಮುಗಿದಿದೆ. ರಾಮವ್ವ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು. ಒಳಗೆ ಹೋಗಲಿಲ್ಲ. ರಾತ್ರಿಯ ಹಾಸಿಗೆ ಇನ್ನೂ ಅಂಗಳದಲ್ಲೇ.

ನಿಮ್ಮ ಆಸೆ ಏನು ಎಂದು ಹುಲಿಗೆವ್ವನವರನ್ನು ಕೇಳಿದೆ.

"ಮಳಿ ಬರೂದ್ರಾಗ ಆಕಿ ಒಳಗ ಬಂದ ಮಲಗಿದ್ರ ಸಾಕ್ರಿ" ಎಂದರು. ಸೆರಗಿನಿಂದ ಮುಖದ ಮಣ್ಣು ಒರೆಸಿಕೊಂಡರು. "ಯಾವತ್ತ ನಡಗತೈತಿ ಅಂತ ಹೇಳಾಕ ನನ್ನಿಂದ ಆಗಲಿಲ್ಲ. ಬಿದ್ರ, ಕೊಡವಿಕೊಂಡ ಎದ್ದ ಬರೂವಷ್ಟ ಬೀಳಲಿ."