ಹೈದರಾಬಾದಿನಲ್ಲಿ ಸುಟ್ಟದ್ದು, ಸೇಡಂನಲ್ಲಿ ನಾರಿದ್ದು

ಕಳೆದ ವರ್ಷ ಶ್ರಾವಣದ ಎರಡನೇ ಸೋಮವಾರ, ಮಧ್ಯಾಹ್ನ ಮೂರು ಗಂಟೆ ದಾಟಿತ್ತು. ದಿನಚರಿಯಲ್ಲಿ ಹಾಗೆಯೇ ಬರೆದುಕೊಂಡಿದ್ದೇನೆ. ಅಲ್ಲಿಯವರೆಗೆ ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತಿತ್ತು.

ಅಣ್ಣನಿಗೆ ಕೂತಲ್ಲೇ ಎದೆಬಡಿತ ಓಡತೊಡಗುವ ಕಾಯಿಲೆ. ತೊಡೆಯ ರಕ್ತನಾಳದಿಂದ ಸಣ್ಣ ನಳಿಗೆ ತೂರಿಸಿ, ಹೃದಯದಲ್ಲಿ ತಾಳ ತಪ್ಪಿಸುವ ಚುಕ್ಕೆಯಷ್ಟು ಜಾಗವನ್ನು ಸುಡಬೇಕೆಂದು ಹೈದರಾಬಾದಿನ ಡಾಕ್ಟರು ಹೇಳಿದ್ದರು. ಅದನ್ನು ಅಪ್ಪ ಫೋನಿನಲ್ಲಿ ತನ್ನ ಅಕ್ಕನಿಗೆ "ಒಳಗ ಬರಿ ಹಾಕ್ತಾರ" ಎಂದು ತಿಳಿಸಿ ಕೆಡಿಸಿಬಿಟ್ಟ. ಕುಂಚಾವರಂ ಕಡೆಯ ಈ ಅತ್ತೆ ಕಾಮಾಲೆಗೆ, ಹೊಟ್ಟೆನೋವಿಗೆ ಕಾದ ಬಳೆಯಿಂದ ಬರೆ ಹಾಕುವವಳು. ಅಣ್ಣ ಕೂಸಾಗಿದ್ದಾಗ ಅವ್ವನಿಗೆ ತಿಳಿಸದೆ ಅವನ ಹೊಟ್ಟೆಗೂ ಹಾಕಿದ್ದಳು. ಅಂದಿನಿಂದ ಅವ್ವನಿಗೂ ಅತ್ತೆಗೂ ಆಗುವುದಿಲ್ಲ.

ಆ ಸೋಮವಾರ ಅಪ್ಪ ಅಣ್ಣನ ಜೊತೆ ಆಸ್ಪತ್ರೆಯಲ್ಲಿದ್ದ. ಅತ್ತೆ ಸೇಡಂಗೆ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಳು.

"ನಾ ಹಾಕಿದ್ರ ಪಾಪ, ಡಾಕ್ಟರ್ ಹಾಕಿದ್ರ ಇಲಾಜ್. ಹೌದಲ್ಲ ಶಾಂತಾ?"

"ಅವ್ರು ಓದಿ ಬಂದಾರ್ರಿ ಅಕ್ಕಾ, ನಿಮ್ಮಂಗ ಬಳಿ ಕಾಸ್ಕೋತ ಕುಂತಿಲ್ಲ," ಎಂದಳು ಅವ್ವ. "ಚಾ ಕುಡೀರಿ, ಬಸ್ ಹಿಡೀರಿ."

ಅತ್ತೆ ಕಪ್ಪು ಎತ್ತಿದವಳು ಮೂಗು ಅರಳಿಸಿ ಹಾಗೇ ಇಳಿಸಿದಳು. "ಬಾಜೂದ್ದೂ ಸುಡ್ಲಿಕತ್ತದ," ಎಂದಳು.

ಆಗಲೇ ನನಗೂ ಬಂತು, ಕಾದ ಲೋಹ ಚರ್ಮಕ್ಕೆ ತಗುಲಿದ ವಾಸನೆ. ಒಲೆ ಆರಿತ್ತು. ಹಿತ್ತಲಿಗೆ ಹೋದೆ, ಬೀದಿಗೆ ಹೋದೆ, ಅಲ್ಲೆಲ್ಲೂ ಇಲ್ಲ. ಪಡಸಾಲೆಗೆ ಮರಳಿದರೆ ಮತ್ತೆ ಮೂಗಿಗೆ ಹೊಡೆಯಿತು. ಅವ್ವನಿಗೆ ಮಾತ್ರ ಏನೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪನ ಫೋನು ಬಂತು. ಸುಡುವ ಜಾಗದ ಪಕ್ಕದಲ್ಲೇ, ಅತ್ತೆ ಹೇಳಿದ 'ಬಾಜೂ'ದಲ್ಲೇ ಹಾಯುವ, ಹೃದಯಕ್ಕೇ ರಕ್ತ ಕೊಡುವ ನಾಳಕ್ಕೆ ಕಾವು ತಗುಲಿ ಅದು ಮುಚ್ಚಿಕೊಂಡಿತ್ತು. ಅಪರೂಪಕ್ಕೆ ಹೀಗಾಗುತ್ತದೆಂದು ಮೊದಲೇ ಹೇಳಿ ಸಹಿ ಪಡೆದಿದ್ದರಂತೆ. ಸ್ಟೆಂಟ್ ಹಾಕಿ ನಾಳ ತೆರೆಯುತ್ತಿದ್ದರು. ಅಣ್ಣ ಉಳಿಯುತ್ತಾನೋ ಇಲ್ಲವೋ, ಯಾರೂ ಹೇಳಲಿಲ್ಲ.

ಅವ್ವ ಅತ್ತೆಯ ಚೀಲವನ್ನು ಬೀದಿಗೆ ಎಸೆದಳು. "ನಿಮ್ಮ ನಾಲಿಗೀನೇ ನನ್ನ ಮಗನ್ನ ಸುಟ್ಟದ!"

"ನಾ ಸುಟ್ಟಿಲ್ಲ. ನನಗ ವಾಸನಿ ಬಂತು, ಅಷ್ಟೇ," ಎಂದಳು ಅತ್ತೆ.

"ನನಗೂ ಬಂತವ್ವಾ," ಎಂದೆ.

"ಹಂಗಾರ ನೀನೂ ಅಕಿ ಹಿಂದ ಹೋಗು."

ಅಣ್ಣ ಬದುಕಿದ. ಈಗ ಮಾತ್ರೆ ನುಂಗುತ್ತಾ ವಾಡಿಗೆ ಕೆಲಸಕ್ಕೆ ಹೋಗಿಬರುತ್ತಾನೆ. ಅತ್ತೆಗೆ ನಮ್ಮ ಮನೆಯ ಬಾಗಿಲು ಮುಚ್ಚಿದೆ. ನಾಳಕ್ಕೆ ಏನಾಯಿತೆಂದು ಡಾಕ್ಟರು ವಿವರಿಸಿದರು, ಅರ್ಥವಾಯಿತು. ವಾಸನೆ ಅರ್ಥವಾಗಿಲ್ಲ. ನನ್ನ ಮೂಗಿಗೆ, ಅದೂ ಅತ್ತೆಯ ಜೊತೆಗೇ, ಅದು ಏಕೆ ಬಂತು? ತಿಳಿದವರು ದಯವಿಟ್ಟು ಪತ್ರಿಕೆಗೆ ಬರೆಯಿರಿ. ಮನೆಗೆ ಬೇಡ, ನಮ್ಮಲ್ಲಿ ಟಪಾಲು ಒಡೆಯುವವಳು ಅವ್ವ.